ನಮ್ಮ ಪತ್ತೇದಾರನಿಗೆ ಹ್ಯಾಟು ತೊಡಿಸಿದವರು

ಪತ್ತೇದಾರಿ ಕಥೆ ಬರೆಯುತ್ತಿದ್ದೆ ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ಮಳವಳ್ಳಿಯ ಸರ್ಕಾರಿ ಶಾಲೆಯಲ್ಲಿ, ಆಮೇಲೆ ಮಂಡ್ಯದಲ್ಲಿ ಮೇಷ್ಟ್ರಾಗಿದ್ದ ನಾನು, ಯುದ್ಧಕ್ಕೆ ಸ್ವಲ್ಪ ಮುಂಚಿನಿಂದ ಸ್ವಾತಂತ್ರ್ಯ ಬರುವ ತನಕ ಕಳ್ಳತನ, ಕೊಲೆ, ದೆವ್ವ, ಹೂತಿಟ್ಟ ನಿಧಿ, ಇವನ್ನೇ ಬರೆದೆ. ಸಾವಿರಾರು ಜನ ಓದಿದರು. ಅವುಗಳಲ್ಲಿ ಒಂದರ ಮೇಲೂ ನನ್ನ ಹೆಸರಿಲ್ಲ. ಅದು ಹೇಗಾಯಿತು ಎಂದು ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ. ಲಾಭ ಮಾಡಿಕೊಂಡವರು ಯಾರೂ ಉಳಿದಿಲ್ಲ.

ನಮ್ಮ ತಂದೆ ವೈದ್ಯನಾಥಪುರದಲ್ಲಿ ಅರ್ಚಕರು. ಅವರ ಪ್ರಕಾರ ಪುರಾಣವಲ್ಲದ ಕಥೆ ಎಂದರೆ ಸುಳ್ಳು, ಸುಳ್ಳು ಬರೆದು ಅಚ್ಚು ಹಾಕಿಸುವುದು ಇನ್ನೂ ದೊಡ್ಡ ಪಾಪ. ನನಗೆ ಮದುವೆಯಾದದ್ದು ಮದ್ದೂರಿನ ಹುಡುಗಿಯೊಂದಿಗೆ. ಅವಳ ತಂದೆ ಮೋಜಣಿದಾರರು. ಊರೂರು ತಿರುಗಿ ಜಮೀನು ಅಳೆಯುವ ಕೆಲಸ. ಮಗಳಿಗೆ ಓದುಬರಹ ಅಷ್ಟಕ್ಕಷ್ಟೇ ಕಲಿಸಿದ್ದರು. ಆದರೆ ಸಂಜೆ ಮನೆಗೆ ಬಂದು, ಯಾವ ಹೊಲದ ಬದು ಯಾರು ಒತ್ತಿದರು, ಯಾವ ಅಣ್ಣ ಯಾವ ತಮ್ಮನ ಗಡಿಕಲ್ಲು ಕಿತ್ತ ಎಂದು ಅವಳ ಮುಂದೆಯೇ ಹೇಳಿಕೊಳ್ಳುತ್ತಿದ್ದರಂತೆ. ಮನುಷ್ಯರು ಏನೇನು ಮಾಡಬಲ್ಲರು ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಭಾನುವಾರ ಬೆಂಗಳೂರಿನ ಮಾಸಪತ್ರಿಕೆಯೊಂದರಿಂದ ಕೊಲೆಯ ಕಥೆಯೊಂದನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು. ಕಥೆ ಅರ್ಧವೂ ಆಗಿರಲಿಲ್ಲ.

"ಆ ಡಾಕ್ಟರೇ ಕೊಂದಿರೋದು," ಅಂದಳು.

ಕೊನೆಯ ಪುಟ ತಿರುವಿ ನೋಡಿದೆ. ಡಾಕ್ಟರೇ.

"ನಿನಗೆ ಹೇಗೆ ಗೊತ್ತಾಯ್ತು?"

"ಮಿಕ್ಕೋರ ಕೈಲೆಲ್ಲ ಮಾತಾಡಿಸಿದಾರೆ. ಅವನೊಬ್ಬನಿಗೆ ಕಾಫಿ ಕೊಟ್ಟು ಸುಮ್ಮನೆ ಕೂರಿಸಿದಾರೆ. ಏನೂ ಕೆಲಸ ಇಲ್ದೇ ಇರೋನನ್ನ ಯಾಕ್ರೀ ಕಥೇಲಿ ಇಟ್ಕೋತಾರೆ?"

ನಾವು ಬರೆಯಲು ಶುರುಮಾಡಿದ್ದು ಹಾಗೆ. ನಾವು ಎಂದೇ ಹೇಳಬೇಕು. ಬರವಣಿಗೆ ನನ್ನದು, ಕೊಲೆಗಳು ಅವಳವು. ಶಾಲೆ ಮುಗಿಸಿ ಬಂದು ಅಡುಗೆಮನೆಯ ಹೊಸಿಲಿನ ಮೇಲೆ ಕೂತು ನಾನು ಓದುತ್ತಿದ್ದೆ, ಅವಳು ಒಲೆ ಊದುತ್ತಾ ತಿದ್ದುತ್ತಿದ್ದಳು. "ಮಜ್ಜಿಗೇಲಿ ವಿಷ ಹಾಕಿಸಬೇಡಿ, ಬಿಳೀದರಲ್ಲಿ ಬಣ್ಣ ಕಾಣತ್ತೆ. ಹುಳೀಲಿ ಹಾಕಿಸಿ." "ಅತ್ತೆ ಸತ್ತ ಮನೇಲಿ ಸೊಸೆ ಮೊದಲು ಬೀಗದ ಕೈ ಹುಡುಕ್ತಾಳೆ, ಅಳೋದು ಆಮೇಲೆ. ಬರ್ಕೊಳ್ಳಿ." ನಮ್ಮ ಪತ್ತೇದಾರ ಅವಳ ತಂದೆಯಿಂದ ಹುಟ್ಟಿದವನು. ಪೇಟ ಕಟ್ಟಿದ, ಎಲೆಅಡಿಕೆ ಮೆಲ್ಲುವ, ಕೆಲಸದಿಂದ ನಿವೃತ್ತನಾದ ಮೋಜಣಿದಾರ. ಪಿಸ್ತೂಲಿಲ್ಲ. ಜಗಳವಾದ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಯಾರು ತಂದುಕೊಟ್ಟರು, ಯಾರು ತರಲಿಲ್ಲ ಎಂದು ನೋಡಿಕೊಂಡೇ ಅರ್ಧ ಗುಟ್ಟು ಬಿಡಿಸುತ್ತಿದ್ದ.

ಮದ್ದೂರಿನ ರೈಲ್ವೆ ಸ್ಟೇಷನ್ನಿನ ಎದುರು ಒಬ್ಬ ಮುಸಲ್ಮಾನ ಸಾಹೇಬರ ಅಂಗಡಿ ಇತ್ತು. ಬೀಡಿ, ಬೆಂಕಿಪೊಟ್ಟಣ, ದಿನಪತ್ರಿಕೆ, ಮಾಸಪತ್ರಿಕೆ. ಮಾವನ ಮನೆಗೆ ಹೋದಾಗಲೆಲ್ಲ ನಾನು ಅಲ್ಲಿ ನಿಂತು ಹೊಸ ಸಂಚಿಕೆಗಳನ್ನು ಮಗುಚಿ ಹಾಕುತ್ತಿದ್ದೆ. ಬೆಂಗಳೂರು ಮೈಸೂರುಗಳಲ್ಲಿ ಸಾಹಿತ್ಯದ ಬಗ್ಗೆ ಯಾರು ಏನೇ ಭಾಷಣ ಮಾಡಲಿ, ಕಥೆಯ ಸಂತೆ ಹೇಗೆ ನಡೆಯುತ್ತಿದೆ ಎಂಬುದು ಆ ಅಂಗಡಿಯಲ್ಲಿ ತಿಳಿಯುತ್ತಿತ್ತು.

"ಕೊಲೆ ಇದ್ರೆ ಒಂದು ರೈಲಿಗೇ ಖಾಲಿ ಮೇಷ್ಟ್ರೇ," ಎನ್ನುತ್ತಿದ್ದರು ಸಾಹೇಬರು. "ಸಂಸಾರದ ಕತೆ ಇದ್ರೆ ತಿಂಗಳಾನುಗಟ್ಲೆ ಕೂತ್ಕತದೆ. ಕೊಲೆ ತಗಳ್ಳೋರು ಮಾತ್ರ ಮಡಚಿ ಕೋಟೊಳಗೆ ಇಟ್ಕತಾರೆ. ಕದ್ದ ಮಾಲು ಇದ್ದಂಗೆ."

ನಾನು ಕಥೆ ಬರೆಯುವ ವಿಷಯ ಮನೆಯ ಹೊರಗೆ ಮೊದಲು ಹೇಳಿದ್ದು ಅವರಿಗೇ. ಬೆಂಗಳೂರಿನಲ್ಲಿ ಬರೀ ಪತ್ತೇದಾರಿ ಕಥೆಗಳಿಗೆಂದೇ ಒಂದು ಮಾಸಪತ್ರಿಕೆ ಇತ್ತು. ಅದರ ಮಾಲೀಕರು ಬಾಕಿ ವಸೂಲಿಗೆ ಆಗಾಗ ಮದ್ದೂರಿಗೆ ಬರುತ್ತಿದ್ದರು. ಸಾಹೇಬರು ಒಂದು ದಿನ ನನ್ನನ್ನು ಕರೆಸಿ ಅವರ ಮುಂದೆ ಕೂರಿಸಿದರು. ಜರಿ ಅಂಚಿನ ಪಂಚೆ, ಮುಚ್ಚುಕಾಲರಿನ ಕೋಟು, ಎಲ್ಲದಕ್ಕೂ ಆತುರ. ಮೈಸೂರು ಕಡೆಯ ಗಾಡಿ ಬರುವಷ್ಟರಲ್ಲಿ ನಮ್ಮ ಮೊದಲ ಕಥೆ ಓದಿ ಮುಗಿಸಿದರು.

"ಕಥೆ ಓಡುತ್ತೆ," ಅಂದರು. "ಆದರೆ ಸ್ವಾಮಿ, ಪೇಟ ಕಟ್ಕೊಂಡು ಹೊಲ ಅಳೆಯೋ ಮುದುಕ ಪತ್ತೇದಾರನೇ? ಹ್ಯಾಟು ಹಾಕಿ. ಎಲೆಅಡಿಕೆ ತೆಗೆದು ಚುಟ್ಟ ಕೊಡಿ. ಒಂದು ಮೋಟಾರು ಇರಲಿ. ಮಳವಳ್ಳಿ ಯಾರಿಗೆ ಬೇಕು? ಬೊಂಬಾಯಿ ಮಾಡಿ."

"ಮೋಟಾರಲ್ಲಿ ಬಂದೋನಿಗೆ ಜಗಲಿ ಮೇಲೆ ಯಾರು ನೀರು ಕೊಡ್ತಾರೆ?" ಎಂದೆ.

"ನೀರು ಬೇಡ. ವಿಸ್ಕಿ ಕೊಡಲಿ."

ಇನ್ನೊಂದು ಷರತ್ತು ಆಮೇಲೆ ಬಂತು. ಅವರ ಪತ್ರಿಕೆಯಲ್ಲಿ ಎಲ್ಲ ಕಥೆಗಳೂ ಒಂದೇ ಹೆಸರಿನಲ್ಲಿ ಬರುತ್ತಿದ್ದವು. ಓದುವವರು ಅದನ್ನು ಒಬ್ಬ ಮನುಷ್ಯನ ಹೆಸರು ಎಂದೇ ತಿಳಿದಿದ್ದರು. ಅದು ಮಾಲೀಕರು ತಾವೇ ಹುಟ್ಟಿಸಿದ, ಗುಡುಗಿನಂಥ ಸದ್ದಿನ ಹೆಸರು. "ಆ ಹೆಸರಿಗೆ ಬೆಲೆ ಇದೆ. ನಿಮ್ಮ ಹೆಸರು ಯಾರಿಗೆ ಗೊತ್ತು?" ಎಂದು ಕೇಳಿದರು. ಅದು ನಿಜ. ಅಲ್ಲದೆ ಸರ್ಕಾರಿ ಶಾಲೆಯ ಮೇಷ್ಟ್ರು ಕೊಲೆಯ ಕಥೆ ಬರೆಯುತ್ತಾನೆಂದು ಗೊತ್ತಾದರೆ ನನ್ನ ಕೆಲಸಕ್ಕೇ ಸಂಚಕಾರ. ನಮ್ಮ ಹೆಡ್‌ಮೇಷ್ಟರು ಬೀಡಿ ಸೇದಿದ ಮೇಷ್ಟ್ರ ಮೇಲೆ ರಿಪೋರ್ಟು ಬರೆದವರು. ಹೆಸರು ಬೇರೆಯಾಗಿರುವುದೇ ಒಳ್ಳೆಯದು ಅನ್ನಿಸಿತು. ಒಪ್ಪಿದೆ.

ಮಳವಳ್ಳಿಗೆ ಬಂದು ಹೇಳಿದಾಗ ಅವಳು ಹೆಸರಿನ ಬಗ್ಗೆ ಏನೂ ಅನ್ನಲಿಲ್ಲ. ಹ್ಯಾಟಿನ ವಿಷಯ ಕೇಳಿ ಮಾತ್ರ ಒಲೆ ಊದುವುದನ್ನು ನಿಲ್ಲಿಸಿದಳು. "ನಮ್ಮಪ್ಪನ್ನ ಬೊಂಬಾಯಿಗೆ ಕಳಿಸಿ ಚುಟ್ಟ ಸೇದಿಸ್ತೀರಾ? ಸರಿ. ಜನರಾದರೂ ನಮ್ಮೂರೋರೇ ಇರಲಿ, ಅವರಿಗೆ ತಿಳಿಯಲ್ಲ," ಅಂದಳು. ಹಾಗೇ ಮಾಡಿದೆವು. ನಮ್ಮ ಕಥೆಗಳಲ್ಲಿ ಬೊಂಬಾಯಿಯ ಸೇಠುಗಳು ಮಳವಳ್ಳಿಯ ಗೌಡರ ಹಾಗೆ ಬದುವಿಗೆ ಜಗಳವಾಡಿದರು, ಬಂಗಲೆಯ ಹೆಂಗಸರು ಹುಳಿಗೆ ಒಗ್ಗರಣೆ ಹಾಕಿದರು. ಯಾರೂ ತಕರಾರು ಮಾಡಲಿಲ್ಲ. ತಿಂಗಳು ತಿಂಗಳೂ ಕಥೆ ಹೋಯಿತು, ತಿಂಗಳು ತಿಂಗಳೂ ಅಚ್ಚಾಯಿತು.

ಒಂದು ಸಲ ಮಂಡ್ಯದ ಹತ್ತಿರದ ಹೊಳಲಿಗೆ ಹೋಗಬೇಕಾಯಿತು, ನನ್ನ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆ. ಊಟ ತಡವಾಗುತ್ತಿತ್ತು. ಹಿಂದಿನ ಬೀದಿಯ ಆಲೆಮನೆಯ ಹತ್ತಿರ ಜನ ಗುಂಪು ಕೂತಿದ್ದರು. ಅಂಚೆ ಹಂಚುವವನು ನಿಂತುಕೊಂಡು ಏನನ್ನೋ ಗಟ್ಟಿಯಾಗಿ ಓದುತ್ತಿದ್ದ. ಎರಡು ಸಾಲು ಕೇಳಿದೊಡನೆ ಗುರುತು ಸಿಕ್ಕಿತು. ನಮ್ಮ ಕಥೆ. ಸೇಠಿನ ಮನೆಯ ಬಾವಿಯಲ್ಲಿ ಹೆಣ ಸಿಕ್ಕಿದ ಕಡೆ ಓದು ನಿಂತಿತ್ತು, ಜಗಳ ಹತ್ತಿತ್ತು.

"ಮೈದ್ನ ಕಣ್ಲಾ ಕೊಂದಿರಾದು. ಬುಡು, ಅವ್ನ ಕಣ್ಣೇ ಸರಿ ಇಲ್ಲ."

"ಅವ್ನೆಲ್ಲಿದ್ನಲಾ ಊರಲ್ಲಿ? ಅಗ್ಗ ನೋಡು. ಬಾವಿ ಅಗ್ಗ ವಸದು ಅಂತ ಬರ್ದವ್ನೆ. ವಸ ಅಗ್ಗ ಯಾಕೆ ಬಂತು?"

"ಏ, ಓದ್ಲಾ ಮುಂದ್ಕೆ!"

ಹೊಸ ಹಗ್ಗದ ಗುಟ್ಟು ನನ್ನ ಹೆಂಡತಿಯದು. ಒಬ್ಬ ಮುದುಕ ನಿಟ್ಟುಸಿರು ಬಿಟ್ಟು, "ಇದ ಬರ್ದೋನು ಪೋಲೀಸ್ನೋನೇ ಇರ್ಬೇಕು. ಸುಮ್ಕೆ ಮನೇಲಿ ಕುಂತೋನ್ಗೆ ಇದೆಲ್ಲ ಒಳೆಯಾಕಿಲ್ಲ," ಅಂದ. ನಾನು ಅಲ್ಲೇ, ಅವನಿಂದ ಒಂದು ಮಾರು ದೂರದಲ್ಲಿ, ಪಂಕ್ತಿಗೆ ಕರೆ ಬರುವುದನ್ನು ಕಾಯುತ್ತಾ ನಿಂತಿದ್ದೆ. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಲಿಲ್ಲ. ಊಟಕ್ಕೆ ಕೂತಾಗ ಹೇಳಲೆಂದು ಬಾಯಿ ತೆರೆದು, ತುತ್ತು ಇಟ್ಟುಕೊಂಡೆ. ಪಕ್ಕದವರಿಗೆ ಹೇಳುವಂತಿಲ್ಲ. ಹೇಳಿದರೂ ನಂಬುವವರಿಲ್ಲ.

ಅದಾದ ಮೇಲೆಯೇ ನನ್ನ ಹೆಸರಿನಲ್ಲಿ ಒಂದಾದರೂ ಕಥೆ ಬರಬೇಕು ಎಂಬ ಆಸೆ ಹತ್ತಿದ್ದು. ಅಷ್ಟರಲ್ಲಿ ನನಗೆ ಮಂಡ್ಯಕ್ಕೆ ವರ್ಗವಾಗಿತ್ತು. ನಾಲೆಯ ನೀರು, ಕಬ್ಬು, ಸಕ್ಕರೆ ಕಾರ್ಖಾನೆ, ಹೊಸ ದುಡ್ಡು. ಊರು ಕಣ್ಣೆದುರಿಗೇ ಬೆಳೆಯುತ್ತಿತ್ತು. ನಾವಿಬ್ಬರೂ ಸೇರಿ ನಾಲೆಯ ತೂಬಿನಲ್ಲಿ ಸಿಕ್ಕಿದ ಹೆಣದ ಬಗ್ಗೆ ದೊಡ್ಡ ಕಥೆಯೊಂದನ್ನು ಬರೆದೆವು. ನಮ್ಮ ಮೋಜಣಿದಾರನಿಗೆ ಪೇಟ ವಾಪಸು ಬಂತು, ಎಲೆಅಡಿಕೆಯೂ ಬಂತು. ಕೊಂದವನು ಒಬ್ಬ ನೀರಗಂಟಿ, ಹೊಲಗಳಿಗೆ ನೀರು ಬಿಡುವವನು. ಸತ್ತವನು ಅವನ ಪ್ರಾಣಸ್ನೇಹಿತ. ಸ್ನೇಹಿತನಿಗೆಂದು ಕದ್ದು ನೀರು ಬಿಟ್ಟದ್ದು ಹೊರಬಿದ್ದರೆ ಕೆಲಸ ಹೋದೀತೆಂಬ ಭಯಕ್ಕೇ ಕೊಂದ ಎಂದು ಅವಳು ಹೇಳಿದಾಗ ನನಗೆ ಬರೆಯಲು ಕೈ ಓಡಲಿಲ್ಲ. ಅವತ್ತಿನವರೆಗೆ ನಾವು ಕೊಲೆಗಳನ್ನು ಆಟದಂತೆ ಬರೆದಿದ್ದೆವು. ಇದು ಆಟವಾಗಿರಲಿಲ್ಲ.

ಮೈಸೂರಿನ ಗಂಭೀರ ಪತ್ರಿಕೆಯೊಂದರ ಸಂಪಾದಕರಿಗೆ, ಅಂಥದ್ದರಲ್ಲಿ ಬಂದರೆ ಕೆಲಸಕ್ಕೆ ಅಪಾಯವಿಲ್ಲವೆಂದುಕೊಂಡು, ನನ್ನ ಹೆಸರು ಹಾಕಿ ಅದನ್ನು ಕಳಿಸಿದೆ. ಉತ್ತರ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಅವರೇ ಮಂಡ್ಯದ ಹೈಸ್ಕೂಲಿಗೆ ಕರ್ನಾಟಕ ಸಂಘದ ಭಾಷಣಕ್ಕೆ ಬಂದರು. ವಿಷಯ: ಸಣ್ಣಕಥೆಯ ಇಂದಿನ ಸ್ಥಿತಿ. ಊರಿನ ಮೇಷ್ಟ್ರುಗಳೆಲ್ಲ ಹೋಗಿದ್ದೆವು. ಅವರು ಸೊಗಸಾಗಿ ಮಾತನಾಡುತ್ತಿದ್ದರು. ಭಾಷಣದ ನಡುವೆ ನಗುತ್ತಾ, "ರೈಲಿನಲ್ಲಿ ಮಾರುವ ಕೊಲೆ ಕಥೆಗಳ ಹಾವಳಿ ಎಲ್ಲಿಗೆ ಬಂದಿದೆ ನೋಡಿ. ಇದೇ ಊರಿನ ಉಪಾಧ್ಯಾಯರೊಬ್ಬರು ನನಗೆ ಒಂದು ಕಥೆ ಕಳಿಸಿದ್ದಾರೆ. ಆ ಪ್ರಸಿದ್ಧ ಪತ್ತೇದಾರಿ ಲೇಖಕನ ಪಡಿಯಚ್ಚು! ವಾಕ್ಯ ಅವನದು, ವರಸೆ ಅವನದು. ನಕಲು ಮಾಡುವುದಾದರೂ ಒಳ್ಳೆಯವರನ್ನು ನಕಲು ಮಾಡಬಾರದೇ?" ಅಂದರು.

ಸಭೆ ನಕ್ಕಿತು. ನನ್ನ ಹೆಸರು ಹೇಳಲಿಲ್ಲ, ಅಷ್ಟು ದಯೆ ತೋರಿಸಿದರು. ಆದರೆ ಮಂಡ್ಯ ಶಾಲೆಯ ನಮ್ಮ ಹೆಡ್‌ಮೇಷ್ಟರು ಸಾಲಿನ ಉದ್ದಕ್ಕೂ ಎಲ್ಲರ ಮುಖವನ್ನೂ ನೋಡುತ್ತಾ ಬಂದರು. ನಾನೂ ನಕ್ಕೆ. ಮಿಕ್ಕವರಿಗಿಂತ ಸ್ವಲ್ಪ ಗಟ್ಟಿಯಾಗಿಯೇ ನಕ್ಕೆ ಎಂದು ನೆನಪು.

ಮನೆಗೆ ಬಂದು ಹೇಳಿದೆ. ಅವಳು ಕೆರಳಿದಳು.

"ಆ ಲೇಖಕ ನಾನೇ ಅಂತ ಎದ್ದು ನಿಂತು ಹೇಳಬೇಕಿತ್ತು!"

"ಹೇಳಿದ್ರೆ ನಾಳೆ ಕೆಲಸ ಇರ್ತಿರಲಿಲ್ಲ. ಅಲ್ದೆ ಯಾರು ನಂಬ್ತಿದ್ರು?"

"ನಂಬದೇ ಇದ್ರೆ ಬಿಡಲಿ. ನಿಮ್ಮನ್ನೇ ನೀವು ಕದ್ದಿರಿ ಅಂತ ಅನ್ನಿಸ್ಕೊಂಡು ಬಂದಿರಲ್ಲ, ಅದಕ್ಕಿಂತ ಮೇಲು."

ಯುದ್ಧ ಜೋರಾಗುತ್ತಿದ್ದಂತೆ ಕಾಗದಕ್ಕೆ ಕಂಟ್ರೋಲು ಬಂತು. ಅಕ್ಕಿ, ಸೀಮೆಎಣ್ಣೆಗಳಂತೆ ಕಾಗದಕ್ಕೂ ಪರ್ಮಿಟ್ಟು. ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದ ಕಾಲ. ಕಥೆಗೆ ಕಾಗದ ಎಲ್ಲಿಂದ ಬರಬೇಕು? ಮಾಸಪತ್ರಿಕೆಗಳು ಸೊರಗಿದವು. ಎಲ್ಲರೂ ಮೊದಲು ಕತ್ತರಿಸಿದ್ದು ಪತ್ತೇದಾರಿ ಕಥೆಯನ್ನೇ. ಮಾರಾಟವಾಗುತ್ತಿದ್ದುದೂ ಅದೇ, ಮರ್ಯಾದೆ ಇಲ್ಲದಿದ್ದುದೂ ಅದೇ. ನಮ್ಮ ಮಾಲೀಕರ ಪತ್ರಿಕೆ ತೆಳ್ಳಗಾಗುತ್ತಾ ಆಗುತ್ತಾ, ಒರಟು ಕಾಗದದ ಸಣ್ಣ ಪುಸ್ತಿಕೆಯಾಯಿತು. ಕಥೆ ಚಿಕ್ಕದಿರಲಿ ಎಂದು ಬರೆದರು. ಆಮೇಲೆ ಇನ್ನೂ ಚಿಕ್ಕದಿರಲಿ ಎಂದರು. ನೀರು ಕೇಳುವ ಜಗಲಿ ಹೋಯಿತು, ಅನುಮಾನ ಹೋಯಿತು, ಮಾತುಕತೆ ಹೋಯಿತು. ಮೊದಲ ಪುಟದಲ್ಲಿ ಹೆಣ, ಕೊನೆಯ ಪುಟದಲ್ಲಿ ಬೇಡಿ. ಒಂದು ದಿನ ಅವರಿಂದ ಪತ್ರ ಬರುವುದೇ ನಿಂತಿತು. ಪತ್ರಿಕೆ ಮುಚ್ಚಿತು ಎಂದುಕೊಂಡೆವು.

ಮುಚ್ಚಿರಲಿಲ್ಲ. ಮದ್ದೂರಿಗೆ ಹೋದಾಗ ಸಾಹೇಬರು ಹೊಸ ಸಂಚಿಕೆಯನ್ನು ನನ್ನ ಕೈಗಿಟ್ಟರು. "ನಿಮ್ಮದೇ ಅಂತ ಎತ್ತಿಟ್ಟಿದ್ದೆ," ಎಂದರು. ಅದೇ ಹೆಸರು, ಅದೇ ಪತ್ತೇದಾರ, ಅದೇ ಹ್ಯಾಟು. ಕಥೆ ನಮ್ಮದಲ್ಲ. ಮಾವನ ಮನೆಯ ಹಿತ್ತಲಲ್ಲಿ ಕೂತು ಅವಳಿಗೆ ಓದಿದೆ. ಮೂರನೆಯ ಪುಟದಲ್ಲಿ ನಮ್ಮ ಪತ್ತೇದಾರ ಸತ್ಯ ಹೇಳಿಸಲೆಂದು ಮನೆಗೆಲಸದ ಹೆಂಗಸೊಬ್ಬಳ ಕೆನ್ನೆಗೆ ಹೊಡೆದ.

ಅವಳು ಪತ್ರಿಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ತಾನೇ ಅಕ್ಷರ ಕೂಡಿಸಿ ಆ ಸಾಲನ್ನು ಮತ್ತೆ ಓದಿದಳು. ಒಳಗೆ ಅವಳ ತಂದೆ ಮಲಗಿದ್ದರು. ಆಗಲೇ ಲಕವಾ ಹೊಡೆದು ಮಾತು ಬಿದ್ದುಹೋಗಿತ್ತು.

"ನಮ್ಮಪ್ಪ ಯಾವ ಹೆಂಗಸಿನ ಮೇಲೂ ಕೈ ಎತ್ತಿದೋರಲ್ಲ," ಅಂದಳು. ಗಟ್ಟಿಯಾಗಿ ಅತ್ತಳು. ಅಪ್ಪನಿಗೆ ಏನಾಯಿತೋ ಎಂದು ಅವಳ ತಾಯಿ ಓಡಿ ಬಂದರು. ಏನೆಂದು ಹೇಳುವುದು? ಹ್ಯಾಟು ತೊಟ್ಟ, ಇಲ್ಲದ ಮನುಷ್ಯನೊಬ್ಬ, ಇಲ್ಲದ ಹೆಂಗಸೊಬ್ಬಳಿಗೆ ಹೊಡೆದ ಎಂದೇ?

ನಾನು ಮಾಲೀಕರಿಗೆ ಕಾಗದ ಬರೆದೆ. ಉತ್ತರ ಸೌಜನ್ಯದಿಂದಲೇ ಬಂತು: ಹೆಸರೂ ಪತ್ತೇದಾರನೂ ಪತ್ರಿಕೆಯ ಸ್ವತ್ತು, ಬರೆಯಲು ಬೇರೆಯವರು ಅಗ್ಗವಾಗಿ ಸಿಕ್ಕಿದ್ದಾರೆ, ನಮಸ್ಕಾರ.

ಯುದ್ಧ ಮುಗಿದ ಮಾರನೆಯ ವರ್ಷ ಮಂಡ್ಯದ ವಾಚನಾಲಯದವರು ವಾರ್ಷಿಕೋತ್ಸವ ಮಾಡಿದರು. ಆ ಪ್ರಖ್ಯಾತ ಪತ್ತೇದಾರಿ ಲೇಖಕರಿಗೆ ಸನ್ಮಾನವೆಂದು ಊರೆಲ್ಲ ಗೋಡೆಗೆ ಭಿತ್ತಿಪತ್ರ ಅಂಟಿಸಿದ್ದರು. ಓದಿ ನಾನು ಬೀದಿಯಲ್ಲೇ ನಿಂತೆ. ಇಲ್ಲದ ಮನುಷ್ಯ ಮೊದಲ ದರ್ಜೆಯಲ್ಲಿ ಕೂತು ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದ! ಇದರ ಮೇಲೆ ಇನ್ನೊಂದು. ವಾಚನಾಲಯದ ಸಮಿತಿಯಲ್ಲಿದ್ದ ಹೆಡ್‌ಮೇಷ್ಟರು ನನ್ನನ್ನು ಕರೆದು, "ವಂದನಾರ್ಪಣೆ ನೀವು ಮಾಡಿ. ನಿಮಗೆ ಅವರ ಬರಹ ಇಷ್ಟ ಅಂತ ಕೇಳಿದೀನಿ," ಎಂದು ನಕ್ಕರು. ಆ ಕಥೆ ಕಳಿಸಿದವನು ನಾನೆಂದು ಅವರಿಗೆ ಭಾಷಣದ ದಿನವೇ ತಿಳಿದಿರಬೇಕು. ನಕಲುಗಾರನೆಂದು ಮಾತ್ರ ತಿಳಿದಿತ್ತು.

ಬಂದವನು ಮಾಲೀಕರ ಅಳಿಯ. ಮೂವತ್ತು ದಾಟದ, ಬಡಕಲು ಮೈಯ, ಕನ್ನಡಕದ ಮನುಷ್ಯ. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಹೊಳಲು, ಗೆಜ್ಜಲಗೆರೆಗಳಿಂದೆಲ್ಲ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಹಗ್ಗದ ಕಥೆಯ ಮಾತು ಬಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅವನು ತಲೆ ತಗ್ಗಿಸಿ ಕೂತಿದ್ದ. ವಿನಯವೆಂದು ಎಲ್ಲರೂ ಮೆಚ್ಚಿದರು. ನಾನು ಎದ್ದು ಅವನಿಗೆ ವಂದನೆ ಹೇಳಿದೆ. "ಇವರ ಲೇಖನಿಯಿಂದ ಇನ್ನೂ ಹಲವು ಕಥೆಗಳು ಬರಲಿ," ಅಂದೆ. ಸ್ವರ ನಡುಗಲಿಲ್ಲ. ಮೇಷ್ಟ್ರು ಕೆಲಸ ಒಂದಷ್ಟು ಕಲಿಸಿರುತ್ತದೆ.

ಉಪ್ಪಿಟ್ಟು ಕಾಫಿಯ ಹೊತ್ತಿಗೆ ನನ್ನ ಹೆಂಡತಿ ಹೆಂಗಸರ ಕಡೆಯಿಂದ ಎದ್ದು ನೇರವಾಗಿ ಅವನ ಹತ್ತಿರ ಬಂದಳು. ನಾನೂ ಎದ್ದು ಅವಳ ಹಿಂದೆ ಹೋದೆ.

"ಒಂದು ಕೇಳ್ಬೇಕಿತ್ತು. ಅತ್ತೆ ಸತ್ತ ಮನೇಲಿ ಸೊಸೆ ಬೀಗದ ಕೈ ಹುಡುಕಿದ್ಲಲ್ಲ, ಅದು ನಿಮಗೆ ಹೇಗೆ ಹೊಳೀತು?"

ಅವನು ಅವಳನ್ನು ನೋಡಿದ, ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದ. ಲೋಟ ಕೆಳಗಿಟ್ಟ. ಸುತ್ತ ಯಾರೂ ಹತ್ತಿರವಿಲ್ಲವೆಂದು ಖಚಿತ ಮಾಡಿಕೊಂಡು ತಗ್ಗಿದ ದನಿಯಲ್ಲಿ, "ಅಡುಗೆಮನೆ ಕಥೆಗಳು ನಿಮ್ಮವಾ?" ಎಂದು ಕೇಳಿದ.

ಅವಳು ತಿರುಗಿ ನನ್ನ ಮುಖ ನೋಡಿದಳು.

"ಆ ಹೆಸರಲ್ಲಿ ನಾಲ್ಕು ಜನ ಬರೆದಿದಾರೆ ಅಮ್ಮ. ಒಬ್ಬರು ತೀರಿಕೊಂಡರು, ಒಬ್ಬರು ಎಲ್ಲೋ ಹೋದರು. ನಾನು ಒಂದೂ ಬರೆದಿಲ್ಲ. ನಾನು ಕವಿತೆ ಬರೀತಿದ್ದೆ. ಮದುವೆ ಆದ್ಮೇಲೆ ಮಾವ ಈ ಹೆಸರು ಕೊಟ್ಟು ಸಭೆಗಳಿಗೆ ಕಳಿಸ್ತಾರೆ. ಪುಸ್ತಕ ಮಾರಾಟ ಆಗುತ್ತೆ ಅಂತ." ಅವನು ಶಾಲನ್ನು ಹೆಗಲಿಂದ ತೆಗೆದು ಮಡಚಲು ಹೋದ, ಏನು ಮಾಡುವುದೆಂದು ತಿಳಿಯದೆ ಮತ್ತೆ ಹೊದ್ದ. "ನಿಮ್ಮ ಕಥೆಗಳೇ ಹೆಚ್ಚು ಓಡೋದು. ಓದುವಾಗ ಯಾರೋ ಹೆಣ್ಣುಮಕ್ಕಳು ಇದರ ಹಿಂದಿದಾರೆ ಅನ್ನಿಸ್ತಿತ್ತು."

ಅವನನ್ನು ಬೈಯಲೆಂದೇ ಬಂದಿದ್ದಳು. ಬೈಯುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಯಾರೋ ಸಹಿಗೆಂದು ಪುಸ್ತಕ ಹಿಡಿದುಕೊಂಡು ಬಂದರು. ಅವನು ನಮ್ಮೆದುರಿಗೇ ಆ ಹೆಸರನ್ನು ದುಂಡಗೆ ಬರೆದುಕೊಟ್ಟ.

ಮನೆಗೆ ನಡೆದು ಬರುವಾಗ ಅವಳು, "ಇನ್ನು ಮೇಲೆ ನನ್ನನ್ನ ಏನೂ ಕೇಳಬೇಡಿ," ಅಂದಳು. ಕೋಪದಿಂದ ಹೇಳಿದ್ದರೆ ತಣ್ಣಗಾದೀತೆಂದು ಕಾಯಬಹುದಿತ್ತು. ಸುಮ್ಮನೆ ಹೇಳಿದಳು. ಅವಳಿಲ್ಲದೆ ನಾನು ಎರಡು ಕಥೆ ಬರೆದೆ. ಎರಡರಲ್ಲೂ ಕೊಲೆಗಾರ ಯಾರೆಂದು ಮೊದಲ ಪುಟದಲ್ಲೇ ತಿಳಿಯುತ್ತಿತ್ತು. ನನ್ನ ಹೆಸರು ಹಾಕಿ ಕಳಿಸಿದೆ. ಎಲ್ಲ ಕಡೆಯಿಂದಲೂ ವಾಪಸು ಬಂದವು. ದೇಶಕ್ಕೆ ಈಗ ಬೇಕಾದದ್ದು ಇಂಥದ್ದಲ್ಲ ಎಂದು ಒಬ್ಬರು ಹಾಳೆಯ ಅಂಚಿನಲ್ಲಿ ಬರೆದಿದ್ದರು.

ಸ್ವಾತಂತ್ರ್ಯ ಬಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಮದ್ದೂರಿಗೆ ಹೋಗಿದ್ದೆ. ಮಾವ ತೀರಿಕೊಂಡಿದ್ದರು. ಕರ್ಮಾಂತರ ಮುಗಿಸಿ ಸ್ಟೇಷನ್ನಿಗೆ ಬಂದರೆ ಸಾಹೇಬರ ಅಂಗಡಿಯಲ್ಲಿ ಮಾಸಪತ್ರಿಕೆಗಳಿದ್ದ ಜಾಗದಲ್ಲಿ ಸ್ಲೇಟು, ಬಳಪ, ನಾಯಕರ ಪಟಗಳು. ಸಾಹೇಬರು ಸೊರಗಿಹೋಗಿದ್ದರು. ಕಥೆ ಪತ್ರಿಕೆ ಇಲ್ಲವೇ ಎಂದೆ. ಅವರು ಆ ದಿನದ ಪೇಪರನ್ನು ನನ್ನ ಕಡೆ ತಿರುಗಿಸಿದರು. ದೇಶ ಒಡೆದ ಮೇಲಿನ ಉತ್ತರ ಭಾರತದ ಸುದ್ದಿ ಪುಟದ ತುಂಬ: ರೈಲುಗಳಲ್ಲಿ ಕೊಂದದ್ದು, ಊರು ಸುಟ್ಟದ್ದು, ನಿರಾಶ್ರಿತರ ಸಾಲು.

"ಇದು ದಿನಾ ಬತ್ತದೆ ಮೇಷ್ಟ್ರೇ," ಅಂದರು. "ಇದ್ರ ಮುಂದೆ ನಿಮ್ಮ ಕತೆ ಯಾರಿಗೆ ಬೇಕು? ನಂಗೇ ಬ್ಯಾಡ ಆಗದೆ. ಮಾರಾಕೂ ಬ್ಯಾಡ." ಪೇಪರು ಮಡಚಿಟ್ಟು, "ಮೊನ್ನೆ ಒಬ್ಬ ರೈಲಿಂದ ಇಳಿದು ಬಂದ. ನನ್ನ ಮಕ ನೋಡ್ದ. ಬೆಂಕಿಪೊಟ್ಟಣ ತಗಳ್ಳದೇ ಹೊಂಟೋದ. ಇಷ್ಟು ವರ್ಷದಲ್ಲಿ ಹಂಗೆ ಯಾರೂ ಹೋಗಿರ್ಲಿಲ್ಲ," ಅಂದರು.

ಅವರ ಪಕ್ಕದ ಸ್ಟೂಲಿನ ಮೇಲೆ ಗಾಡಿ ಬರುವ ತನಕ ಕೂತಿದ್ದೆ.

ಮುಂದಿನ ವರ್ಷ ಆ ಬೆಂಗಳೂರಿನ ಮಾಲೀಕರಿಂದಲೇ ಒಂದು ಕಾಗದ ಬಂತು. ಪತ್ತೇದಾರಿ ಕಥೆಗಳ ಕಾಲ ಮುಗಿಯಿತು, ನಾವು ಈಗ ಶಾಲೆಯ ಪುಸ್ತಕಗಳಿಗೆ ಕೈಹಾಕಿದ್ದೇವೆ, ಅಂಕಗಣಿತಕ್ಕೆ ಒಂದು ಗೈಡು ಬರೆದುಕೊಡಿ, ಮುಖಪುಟದ ಮೇಲೆ ನಿಮ್ಮ ಹೆಸರನ್ನೇ ದೊಡ್ಡದಾಗಿ ಹಾಕುತ್ತೇವೆ ಎಂದಿತ್ತು. ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಓದಿ ಹೇಳಿ, ಏನು ಮಾಡಲಿ ಎಂದೆ.

"ಬರ್ಕೊಡಿ," ಅಂದಳು, ಮೊರದಿಂದ ತಲೆಯೆತ್ತದೆ. "ಲೆಕ್ಕದಲ್ಲಾದ್ರೆ ಉತ್ತರ ಬದಲಾಯಿಸಿ ಅಂತ ಯಾರೂ ಹೇಳಕ್ಕಾಗಲ್ಲ."

ಬರೆದುಕೊಟ್ಟೆ. ಅದು ಇವತ್ತಿಗೂ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತದೆ.